ಒಂದು ಟ್ಯೂಬ್ ರಕ್ತದಲ್ಲಿ ಕ್ಯಾನ್ಸರ್ ಮೊದಲೇ ಸಿಗುತ್ತದಾ?

ಪ್ರಶ್ನೆ: ನನಗೆ 47 ವರ್ಷ, ಹುಬ್ಬಳ್ಳಿಯಲ್ಲಿ ಶಿಕ್ಷಕಿ. ಅಮ್ಮ ಅಂಡಾಶಯದ ಕ್ಯಾನ್ಸರ್‌ನಿಂದ 58ನೇ ವಯಸ್ಸಿಗೆ ತೀರಿಕೊಂಡರು. ಗೊತ್ತಾಗುವ ಹೊತ್ತಿಗೆ ಹೊಟ್ಟೆಯೆಲ್ಲಾ ಹರಡಿತ್ತು. ನ್ಯೂಜೆರ್ಸಿಯಲ್ಲಿರುವ ತಮ್ಮ ‘ಗ್ಯಾಲರಿ’ ಎಂಬ ರಕ್ತ ಪರೀಕ್ಷೆ ಮಾಡಿಸಿಕೊಂಡ. ನೆಗೆಟಿವ್ ಬಂತು ಅಂತ ನಿರಾಳವಾಗಿದ್ದಾನೆ. 50 ಬಗೆಯ ಕ್ಯಾನ್ಸರನ್ನು ಮೊದಲೇ ಹಿಡಿಯುತ್ತದಂತೆ. ಈಗ ಬೆಂಗಳೂರಲ್ಲೂ ಅಂಥದ್ದು ಬಂದಿದೆ, ನೀನೂ ಭಾವನೂ ಮಾಡಿಸಿ ಅಂತ ಒತ್ತಾಯ. ಯಜಮಾನರಿಗೆ 54, 20 ವರ್ಷದಿಂದ ಗುಟ್ಕಾ ಹಾಕುತ್ತಾರೆ. ಈ ಪರೀಕ್ಷೆ ನಿಜವಾಗಿ ಕೆಲಸ ಮಾಡುತ್ತದಾ? ಮಾಡಿಸಿದರೆ ಮ್ಯಾಮೋಗ್ರಾಂ ಅದೂ ಇದೂ ಬಿಡಬಹುದಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದಕ್ಕೆ ಉತ್ತರ ಸುಲಭ. ಬಿಡಬೇಡಿ. ಈ ಪರೀಕ್ಷೆ ಮಾಡುವ ಕಂಪನಿಗಳೇ ಬಿಡಿ ಅಂತ ಹೇಳುವುದಿಲ್ಲ. ಉಳಿದದ್ದಕ್ಕೆ ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ. ಜೊತೆಗೆ ನೀವು ಕೇಳದೇ ಬಿಟ್ಟ ಒಂದು ಪ್ರಶ್ನೆಯೂ ಇದೆ. ನನಗೆ ನಿಮ್ಮ ಪತ್ರದಲ್ಲಿ ಅದೇ ಎಲ್ಲಕ್ಕಿಂತ ಮುಖ್ಯ ಅನ್ನಿಸಿತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ರಕ್ತದಲ್ಲಿ ಏನನ್ನು ಹುಡುಕುತ್ತಾರೆ ಅನ್ನುವುದು. ನಮ್ಮ ಕೋಶಗಳು ದಿನವೂ ಸಾಯುತ್ತಿರುತ್ತವೆ. ಸಾಯುವಾಗ ಅವುಗಳ ಡಿಎನ್‌ಎ ಚೂರುಚೂರಾಗಿ ರಕ್ತಕ್ಕೆ ಬೀಳುತ್ತದೆ. ಚೂರು ಅಂದರೆ ತೀರಾ ಸಣ್ಣದು, ಸುಮಾರು 167 ಅಕ್ಷರದ ತುಂಡು. ಡಿಎನ್‌ಎ ಕೋಶದೊಳಗೆ ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ, ಒಂದು ಉಂಡೆಗೆ ಸುತ್ತಿದ್ದಷ್ಟು ಉಳಿಯುತ್ತದೆ, ನಡುವೆ ಇದ್ದದ್ದು ಕತ್ತರಿಸಿಹೋಗುತ್ತದೆ, ಅದಕ್ಕೇ ಆ ಅಳತೆ. ಈ ಚೂರುಗಳು ರಕ್ತದಲ್ಲಿ ಜಾಸ್ತಿ ಹೊತ್ತು ಇರುವುದಿಲ್ಲ. ಒಂದೆರಡು ಗಂಟೆಯೊಳಗೆ ಅರ್ಧಕ್ಕರ್ಧ ಮಾಯ. ಇವು ರಕ್ತದಲ್ಲಿವೆ ಅಂತ 1948ರಲ್ಲೇ ಫ್ರಾನ್ಸಿನ ಮಾಂಡೆಲ್ ಮತ್ತು ಮೆಟೇ ಎಂಬಿಬ್ಬರು ಬರೆದಿದ್ದರು. ಡಿಎನ್‌ಎಯ ಸುರುಳಿ ಆಕಾರ ಗೊತ್ತಾಗುವುದಕ್ಕೂ ಐದು ವರ್ಷ ಮುಂಚೆ! ದಶಕಗಳ ಕಾಲ ಹೆಚ್ಚಿನವರು ಅದರ ಕಡೆ ತಿರುಗಿ ನೋಡಲಿಲ್ಲ.

ಆಮೇಲೆ 1990ರ ದಶಕದಲ್ಲಿ ಕ್ಯಾನ್ಸರ್ ಗಡ್ಡೆಯ ಡಿಎನ್‌ಎ ಕೂಡ ರಕ್ತದಲ್ಲಿ ತೇಲುತ್ತದೆ ಅಂತ ಕೆಲವು ವರದಿ ಬಂದವು. ಅದನ್ನು ಓದಿದ ಡೆನಿಸ್ ಲೋ ಎಂಬ ಹಾಂಗ್‌ಕಾಂಗ್ ಮೂಲದ ವಿಜ್ಞಾನಿಗೆ ಬೇರೆಯೇ ಯೋಚನೆ ಹೊಳೆಯಿತು. ಗಡ್ಡೆಯ ಡಿಎನ್‌ಎ ಬರುವುದಾದರೆ, ಹೊಟ್ಟೆಯಲ್ಲಿ ಬೆಳೆಯುವ ಮಗುವಿನದ್ದೂ ತಾಯಿಯ ರಕ್ತಕ್ಕೆ ಬರಬೇಕಲ್ಲ? 1997ರಲ್ಲಿ ಅವರ ತಂಡ ಅದನ್ನು ತೋರಿಸಿತು. ಇವತ್ತು ತಾಯಿಯ ರಕ್ತದಿಂದಲೇ ಮಗುವಿನ ವರ್ಣತಂತು ದೋಷ ನೋಡಲು ಬಸುರಿಯರಿಗೆ ಮಾಡುವ ಎನ್‌ಐಪಿಟಿ ಪರೀಕ್ಷೆ ಹುಟ್ಟಿದ್ದು ಅಲ್ಲಿಂದ. ಮುಂದಿನ ತಿರುವು ನನಗೆ ಬಹಳ ಇಷ್ಟ. ಮಗುವಿಗೆ ಅಂತ ಮಾಡಿದ ಪರೀಕ್ಷೆಯಲ್ಲಿ ಕೆಲವೊಮ್ಮೆ ಅರ್ಥವೇ ಆಗದ ಗೊಂದಲದ ಫಲಿತಾಂಶ ಬರುತ್ತಿತ್ತು. ಮಗು ನೋಡಿದರೆ ಸರಿಯಾಗಿದೆ. ಕೆದಕಿದಾಗ ಕ್ಯಾನ್ಸರ್ ಇದ್ದದ್ದು ತಾಯಿಗೆ. 2015ರಲ್ಲಿ ಪ್ರಕಟವಾದ ಒಂದು ಲೆಕ್ಕದಲ್ಲಿ ಸುಮಾರು ಒಂದೂಕಾಲು ಲಕ್ಷ ಮಾದರಿಗಳ ನಡುವೆ ಹೀಗೆ 10 ತಾಯಂದಿರು ಸಿಕ್ಕರು. ಆ ಪರೀಕ್ಷಾ ಯಂತ್ರಗಳನ್ನು ಮಾಡುವ ಇಲ್ಯುಮಿನಾ ಕಂಪನಿ ಹಾಗಾದರೆ ಕ್ಯಾನ್ಸರನ್ನೇ ಹುಡುಕೋಣ ಅಂತ 2016ರಲ್ಲಿ ಗ್ರೇಲ್ ಎಂಬ ಹೊಸ ಕಂಪನಿ ಕಟ್ಟಿತು. ನಿಮ್ಮ ತಮ್ಮ ಮಾಡಿಸಿಕೊಂಡ ಗ್ಯಾಲರಿ ಅವರದ್ದೇ. 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯ ಮಂಜೂರಾತಿ ಇಲ್ಲದೆ, ಲ್ಯಾಬಿನ ಸ್ವಂತ ಪರೀಕ್ಷೆ ಅನ್ನುವ ದಾರಿಯಲ್ಲಿ ಮಾರುಕಟ್ಟೆಗೆ ಬಂತು. ಆಗ ಬೆಲೆ 949 ಡಾಲರ್.

ಈಗ ಈ ಪರೀಕ್ಷೆಯ ಬೆನ್ನೆಲುಬಾದ ‘ಎಪಿಜೆನೆಟಿಕ್’ ಅನ್ನುವ ಮಾತು, ಅಂದರೆ ಡಿಎನ್‌ಎಯ ಅಕ್ಷರ ಬದಲಾಗದೆ ಅದರ ಮೇಲಿನ ಗುರುತು ಮಾತ್ರ ಬದಲಾಗುವುದು. ನಿಮ್ಮ ಲಿವರ್ ಕೋಶದಲ್ಲೂ ಚರ್ಮದ ಕೋಶದಲ್ಲೂ ಇರುವ ಡಿಎನ್‌ಎ ಒಂದೇ. ಹಾಗಿದ್ದರೆ ಒಂದು ಲಿವರ್, ಇನ್ನೊಂದು ಚರ್ಮ ಹೇಗಾಯಿತು? ಊರಿನ ಎಲ್ಲಾ ಮನೆಗೂ ಒಂದೇ ಅಡುಗೆ ಪುಸ್ತಕ ಕೊಟ್ಟಿದ್ದಾರೆ ಅಂದುಕೊಳ್ಳಿ. ಒಂದೊಂದು ಮನೆಯವರು ತಮಗೆ ಬೇಡದ ಪುಟಗಳನ್ನು ಅನ್ನದ ಅಗುಳು ಹಚ್ಚಿ ಅಂಟಿಸಿಬಿಟ್ಟಿದ್ದಾರೆ. ಪುಸ್ತಕ ಅದೇ, ಅಕ್ಷರ ಅದೇ, ಆದರೆ ಒಂದು ಮನೆಯಲ್ಲಿ ಬರೀ ಹೋಳಿಗೆ, ಇನ್ನೊಂದರಲ್ಲಿ ಬರೀ ಸಾರು. ಆ ಅಗುಳಿನ ಕೆಲಸವನ್ನು ಡಿಎನ್‌ಎ ಮೇಲೆ ಮಿಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಮಾಡುತ್ತದೆ. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ‘ಸಿ’ ಅನ್ನುವುದರ ಮೇಲೆ ಅದು ಕೂರುತ್ತದೆ, ಅದೂ ಹೆಚ್ಚಾಗಿ ‘ಸಿ’ಯ ಪಕ್ಕದಲ್ಲೇ ‘ಜಿ’ ಇರುವ ಜಾಗದಲ್ಲಿ. ಅಂಥ ಜಾಗ ನಮ್ಮ ಡಿಎನ್‌ಎಯಲ್ಲಿ ಸುಮಾರು 2.8 ಕೋಟಿ ಇವೆ.

ಕ್ಯಾನ್ಸರ್ ಆದಾಗ ಈ ಅಂಟಿಸುವ ಶಿಸ್ತು ಕೆಡುತ್ತದೆ. ಮುಚ್ಚಿರಬೇಕಾದ ಪುಟಗಳು ಸಾಲುಸಾಲಾಗಿ ಬಿಚ್ಚಿಕೊಳ್ಳುತ್ತವೆ, ಇದನ್ನು ಫೈನ್‌ಬರ್ಗ್ ಮತ್ತು ವೋಗೆಲ್‌ಸ್ಟೈನ್ 1983ರಲ್ಲಿ ಗಮನಿಸಿದ್ದರು. ಅದೇ ಹೊತ್ತಿಗೆ ಕೋಶದ ಬೆಳವಣಿಗೆಗೆ ಲಗಾಮು ಹಾಕುವ ಕಾವಲು ಜೀನ್‌ಗಳ ಪುಟ ಅಂಟಿಕೊಂಡು ಓದಲಾಗದಂತೆ ಆಗುತ್ತದೆ. ಎಷ್ಟೋ ಗಡ್ಡೆಗಳಲ್ಲಿ ಈ ಬದಲಾವಣೆ ಶುರುವಿನಲ್ಲೇ ಆಗಿರುತ್ತದೆ, ಅದಕ್ಕೇ ‘ಮೊದಲೇ ಹಿಡಿಯಬಹುದು’ ಎಂಬ ಆಸೆ ಹುಟ್ಟಿದ್ದು.

ಇದರಲ್ಲಿ ಇನ್ನೊಂದು ಲಾಭವಿದೆ. ಅಂಟಿಸಿದ ಪುಟಗಳ ಮಾದರಿ ನೋಡಿದರೆ ಆ ಚೂರು ಯಾವ ಅಂಗದಿಂದ ಬಂತು ಅಂತ ಹೇಳಬಹುದು. ಹೊಳೆಯಲ್ಲಿ ತೇಲಿಬಂದ ಸೆರಗಿನ ತುಂಡು ನೋಡಿಯೇ ಇದು ಇಳಕಲ್ಲಿನದ್ದು, ಇದು ಮೊಳಕಾಲ್ಮೂರಿನದ್ದು ಅಂತ ನಿಮ್ಮ ಕಡೆಯ ಹೆಂಗಸರು ಹೇಳುತ್ತಾರಲ್ಲ, ಹಾಗೆ. ಮ್ಯುಟೇಷನ್, ಅಂದರೆ ಡಿಎನ್‌ಎಯ ಅಕ್ಷರವೇ ಬದಲಾದದ್ದನ್ನು ಹುಡುಕುವ ಹಳೆಯ ರೀತಿಗೆ ಈ ಶಕ್ತಿ ಕಡಿಮೆ. ಒಂದೇ ಮ್ಯುಟೇಷನ್ ಹತ್ತು ಬಗೆಯ ಕ್ಯಾನ್ಸರಿನಲ್ಲಿ ಇರಬಹುದು. ಅದಕ್ಕಿಂತ ಹೆಚ್ಚಿನ ತಲೆನೋವು ಅಂದರೆ, ವಯಸ್ಸಾದಂತೆ ನಮ್ಮ ಬಿಳಿ ರಕ್ತಕಣಗಳಲ್ಲೇ ಕ್ಯಾನ್ಸರಿನಂತೆ ಕಾಣುವ ಮ್ಯುಟೇಷನ್‌ಗಳು ಸೇರಿಕೊಳ್ಳುತ್ತವೆ, ಕ್ಯಾನ್ಸರ್ ಇಲ್ಲದಿದ್ದರೂ. ರಕ್ತದಲ್ಲಿ ತೇಲುವ ಚೂರುಗಳಲ್ಲಿ ಬಹುಪಾಲು ರಕ್ತಕಣಗಳದ್ದೇ ಆದ್ದರಿಂದ ಸುಮ್ನೆ ಗಾಬರಿ ಹುಟ್ಟಿಸುವ ಫಲಿತಾಂಶ ಬರುತ್ತಿತ್ತು.

ಮಿಥೈಲ್ ಎಲ್ಲಿದೆ ಅಂತ ಓದುವುದು ಹೇಗೆ? ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಕಣ್ಣಿಗೆ ಕಾಣದ್ದು ಬಣ್ಣದಿಂದ ಗೊತ್ತಾಗುತ್ತದೆ. ಇಲ್ಲಿ ಆ ಕೆಲಸ ಬೈಸಲ್ಫೈಟ್ ಎಂಬ ಉಪ್ಪಿನದ್ದು. ಮಿಥೈಲ್ ಇಲ್ಲದ ಬರೀ ‘ಸಿ’ಯನ್ನು ಅದು ಬೇರೆ ಅಕ್ಷರವಾಗಿ ಬದಲಿಸಿಬಿಡುತ್ತದೆ, ಮಿಥೈಲ್ ಇರುವ ‘ಸಿ’ಯನ್ನು ಹಾಗೇ ಬಿಡುತ್ತದೆ. ಆಮೇಲೆ ಓದಿದಾಗ ಎಲ್ಲಿ ‘ಸಿ’ ಉಳಿದಿದೆಯೋ ಅಲ್ಲಿ ಮಿಥೈಲ್ ಇತ್ತು ಅಂತ. ಎಷ್ಟು ಸರಳ ಉಪಾಯ ಅಲ್ವಾ? ಆದರೆ ಈ ಉಪ್ಪು ಒರಟು, ಇರುವ ಸ್ವಲ್ಪ ಡಿಎನ್‌ಎಯಲ್ಲೂ ಬಹಳಷ್ಟನ್ನು ಹಾಳುಮಾಡುತ್ತದೆ. ಈ ಕೆಲಸ ಕೈಯಾರೆ ಮಾಡಿದವರಿಗೆಲ್ಲ ಆ ಸಂಕಟ ಗೊತ್ತು. ಈಗ ಅದರ ಬದಲು ಕಿಣ್ವ ಬಳಸುವ ಮೃದುವಾದ ವಿಧಾನವೂ ಬಂದಿದೆ.

ಇನ್ನು ಇಡೀ ವಿಷಯದ ಗಂಟು ಇರುವ ಜಾಗಕ್ಕೆ ಬರೋಣ. ಒಂದು ಚಿಕ್ಕ ಲೆಕ್ಕ ಮಾಡಿ.

10 ಮಿಲಿ ರಕ್ತ ತೆಗೆದರೆ ಸುಮಾರು 4 ಮಿಲಿ ಪ್ಲಾಸ್ಮಾ ಸಿಗುತ್ತದೆ. ಆರೋಗ್ಯವಂತರ ಪ್ರತಿ ಮಿಲಿ ಪ್ಲಾಸ್ಮಾದಲ್ಲಿ ಇರುವ ಡಿಎನ್‌ಎ ಕೆಲವೇ ನ್ಯಾನೋಗ್ರಾಂ, 5 ಅಂತ ಇಟ್ಟುಕೊಳ್ಳಿ. ಒಟ್ಟು 20 ನ್ಯಾನೋಗ್ರಾಂ. ಒಂದು ನ್ಯಾನೋಗ್ರಾಂ ಅಂದರೆ ಸುಮಾರು 300 ಪ್ರತಿ. ಅಲ್ಲಿಗೆ ಇಡೀ ಟ್ಯೂಬಿನಲ್ಲಿ ಆ ಅಡುಗೆ ಪುಸ್ತಕದ ಸುಮಾರು 6,000 ಪ್ರತಿಗಳು, ಎಲ್ಲವೂ ಹರಿದು ಚಿಂದಿಯಾದವು. ಈಗ ಗಡ್ಡೆ ಇನ್ನೂ ಚಿಕ್ಕದು, ಹತ್ತು ಸಾವಿರ ಚೂರಿನಲ್ಲಿ ಒಂದು ಮಾತ್ರ ಅದರದ್ದು ಅಂದುಕೊಳ್ಳಿ. ಯಾವುದೇ ಒಂದು ನಿರ್ದಿಷ್ಟ ಪುಟ ಹುಡುಕಿದರೆ, ಗಡ್ಡೆಯಿಂದ ಬಂದ ಆ ಪುಟದ ಒಂದೇ ಒಂದು ಪ್ರತಿಯೂ ನಿಮ್ಮ ಟ್ಯೂಬಿನಲ್ಲಿ ಇಲ್ಲದೇ ಇರುವ ಸಾಧ್ಯತೆಯೇ ಹೆಚ್ಚು. ಎಷ್ಟೇ ದುಬಾರಿ ಯಂತ್ರ ತಂದರೂ ಟ್ಯೂಬಿನಲ್ಲಿ ಇಲ್ಲದ್ದನ್ನು ಓದಲಾಗುವುದಿಲ್ಲ.

ಇಲ್ಲೇ ಮಿಥೈಲೇಷನ್, ಅಂದರೆ ಮಿಥೈಲ್ ಗುರುತು ಓದುವ ರೀತಿ, ಗೆಲ್ಲುವುದು. ಒಂದು ಗಡ್ಡೆಯಲ್ಲಿ ಹುಡುಕಲು ಸಿಗುವ ಮ್ಯುಟೇಷನ್ ಕೆಲವೇ ಕೆಲವು. ಮಿಥೈಲ್ ಕೆಟ್ಟ ಜಾಗಗಳು ಸಾವಿರಾರು. ಗ್ಯಾಲರಿ ಪರೀಕ್ಷೆ ಒಂದು ಲಕ್ಷಕ್ಕೂ ಹೆಚ್ಚು ಪ್ರದೇಶಗಳನ್ನು ಒಟ್ಟಿಗೆ ನೋಡುತ್ತದೆ. ಒಂದು ಪುಟ ಸಿಗದಿದ್ದರೆ ಇನ್ನೊಂದು ಸಿಕ್ಕೀತು. ಎಲ್ಲಾ ಸುಳಿವು ಸೇರಿಸಿ ಕಂಪ್ಯೂಟರ್ ಹೌದು, ಇಲ್ಲ ಅನ್ನುತ್ತದೆ. ಹೌದು ಅಂದರೆ ಎಲ್ಲಿಂದ ಅಂತಲೂ ಊಹಿಸುತ್ತದೆ. ಒಳ್ಳೆಯ ವಿಜ್ಞಾನ, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ಚೂರೇ ಉದುರಿಸದ ಗಡ್ಡೆಯ ಮುಂದೆ ಇದೂ ಕೈಚೆಲ್ಲುತ್ತದೆ.

ಅದಕ್ಕೇ ಜಾಹೀರಾತಿನಲ್ಲಿ ‘50 ಬಗೆಯ ಕ್ಯಾನ್ಸರ್’ ಅನ್ನುವ ಕಡೆ ನಾನು ನೋಡುವುದೇ ಇಲ್ಲ. ‘ಮೊದಲೇ’ ಅನ್ನುವ ಪದದ ಮೇಲೆ ಬೆರಳಿಟ್ಟು ಕೇಳುತ್ತೇನೆ. ಎಷ್ಟು ಮೊದಲು? ಗ್ರೇಲ್‌ನವರೇ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರವಿದೆ. 2,823 ಕ್ಯಾನ್ಸರ್ ರೋಗಿಗಳ ರಕ್ತ, ಕ್ಯಾನ್ಸರ್ ಇಲ್ಲದ 1,254 ಜನರ ರಕ್ತ. ನಾಲ್ಕನೇ ಸ್ಟೇಜಿನ ಕ್ಯಾನ್ಸರನ್ನು ಪರೀಕ್ಷೆ 90.1% ಹಿಡಿಯಿತು. ಮೂರನೇ ಸ್ಟೇಜ್ 77%. ಎರಡನೆಯದು 40.4%. ಮೊದಲನೇ ಸ್ಟೇಜ್ 16.8%. ಇನ್ನೊಮ್ಮೆ ಓದಿ. ಮೊದಲನೇ ಸ್ಟೇಜಿನಲ್ಲಿ, ಅಂದರೆ ಆಪರೇಷನ್ ಮಾಡಿ ಗುಣವಾಗುವ ಅವಕಾಶ ಅತಿ ಹೆಚ್ಚು ಇರುವ ಹೊತ್ತಿನಲ್ಲಿ, ಆರರಲ್ಲಿ ಒಂದನ್ನು ಮಾತ್ರ ಹಿಡಿಯಿತು. ಎಲ್ಲಾ ಸ್ಟೇಜ್ ಸೇರಿಸಿದರೆ ಅರ್ಧದಷ್ಟು, 51.5%. ಅಂಗದಿಂದ ಅಂಗಕ್ಕೂ ಬಹಳ ವ್ಯತ್ಯಾಸ. ಪ್ಯಾಂಕ್ರಿಯಾಸ್, ಲಿವರ್ ಗಡ್ಡೆಗಳು ಚೂರು ಧಾರಾಳವಾಗಿ ಉದುರಿಸುತ್ತವೆ, ಹಾಗಾಗಿ ಚೆನ್ನಾಗಿ ಸಿಗುತ್ತವೆ. ಸ್ತನದ ಕ್ಯಾನ್ಸರ್ 30% ಆಸುಪಾಸು, ಪ್ರಾಸ್ಟೇಟ್ 11%. ಸ್ತನಕ್ಕೆ ಮ್ಯಾಮೋಗ್ರಾಂ ಬಿಡಬೇಡಿ ಅಂದದ್ದು ಇದಕ್ಕೇ.

ಇವೆಲ್ಲ ಕ್ಯಾನ್ಸರ್ ಇದೆ ಅಂತ ಮೊದಲೇ ಗೊತ್ತಿದ್ದವರ ರಕ್ತ. ಏನೂ ತೊಂದರೆ ಇಲ್ಲದೆ ಓಡಾಡಿಕೊಂಡಿರುವವರಲ್ಲಿ ಏನಾಗುತ್ತದೆ? ಅದಕ್ಕೆ ಪಾತ್‌ಫೈಂಡರ್ ಅನ್ನುವ ಅಧ್ಯಯನ ನಡೆಯಿತು, 2023ರಲ್ಲಿ ಪ್ರಕಟವಾಯಿತು. 50 ದಾಟಿದ 6,621 ಜನ. 92 ಮಂದಿಗೆ ಪಾಸಿಟಿವ್. ಅವರಲ್ಲಿ ನಿಜಕ್ಕೂ ಕ್ಯಾನ್ಸರ್ ಇದ್ದದ್ದು 35 ಮಂದಿಗೆ. ಉಳಿದ 57 ಜನಕ್ಕೆ ಇರಲಿಲ್ಲ. ಅಂಥವರಲ್ಲಿ ಅರ್ಧದಷ್ಟು ಜನ ‘ಇಲ್ಲ’ ಅನ್ನುವ ಉತ್ತರ ಕೇಳುವುದಕ್ಕೆ 162 ದಿನವೋ ಅದಕ್ಕಿಂತ ಹೆಚ್ಚೋ ಕಾದರು. ಐದು ತಿಂಗಳು! ಇನ್ನೊಂದು ಕಡೆಯಿಂದ ನೋಡಿ. ಆ ಗುಂಪಿನಲ್ಲಿ ಮುಂದಿನ ಒಂದು ವರ್ಷದಲ್ಲಿ ಒಟ್ಟು 121 ಜನಕ್ಕೆ ಕ್ಯಾನ್ಸರ್ ಪತ್ತೆಯಾಯಿತು. ರಕ್ತ ಪರೀಕ್ಷೆ ಸುಳಿವು ಕೊಟ್ಟದ್ದು ಅದರಲ್ಲಿ 35ಕ್ಕೆ ಮಾತ್ರ. 38 ಜನಕ್ಕೆ ಸಾಮಾನ್ಯ ತಪಾಸಣೆಗಳಲ್ಲೇ, ಅಂದರೆ ಮ್ಯಾಮೋಗ್ರಾಂ ಥರದ್ದರಲ್ಲೇ ಸಿಕ್ಕಿತು. ಉಳಿದವರಿಗೆ ಬೇರೆ ದಾರಿಯಲ್ಲಿ, ಹೆಚ್ಚಾಗಿ ತೊಂದರೆ ಕಾಣಿಸಿಕೊಂಡ ಮೇಲೆ. ಅದಕ್ಕೇ ನಿಮ್ಮ ತಮ್ಮನ ನಿರಾಳ ನನಗೆ ಸ್ವಲ್ಪ ಹೆದರಿಕೆ ಹುಟ್ಟಿಸುತ್ತದೆ. ಆ ನೆಗೆಟಿವ್‌ಗೆ ಇರುವ ಅರ್ಥ ಇಷ್ಟೇ: ಆ ದಿನದ ಆ ಟ್ಯೂಬಿನಲ್ಲಿ ಏನೂ ಸಿಗಲಿಲ್ಲ.

ನಮ್ಮ ದೇಶಕ್ಕೆ ಬಂದರೆ ಲೆಕ್ಕ ಇನ್ನಷ್ಟು ಬಿಗಿಯಾಗುತ್ತದೆ. ಪರೀಕ್ಷೆ ತಪ್ಪಾಗಿ ಪಾಸಿಟಿವ್ ತೋರಿಸುವುದು ಇನ್ನೂರರಲ್ಲಿ ಒಬ್ಬರಿಗೆ ಮಾತ್ರ ಅನ್ನಿ. ಕೇಳಲು ಎಷ್ಟು ಚೆನ್ನಾಗಿದೆ. ಒಂದು ಲಕ್ಷ ಜನರಿಗೆ ಮಾಡಿದಿರಿ. ಲೆಕ್ಕಕ್ಕೆ ಅಂತ, ಅವರಲ್ಲಿ 1,000 ಮಂದಿಗೆ ಕ್ಯಾನ್ಸರ್ ಇದೆ ಅನ್ನಿ. ಅರ್ಧ ಹಿಡಿದರೆ 500 ನಿಜವಾದ ಪಾಸಿಟಿವ್, ಸುಮಾರು 500 ಸುಳ್ಳು. ನಾಣ್ಯ ಚಿಮ್ಮಿದ ಹಾಗೆ. ಈಗ ವಯಸ್ಸು ಕಡಿಮೆ ಇರುವ, ಕ್ಯಾನ್ಸರ್ ಪ್ರಮಾಣವೂ ಕಡಿಮೆ ಇರುವ ಗುಂಪು ತೆಗೆದುಕೊಳ್ಳಿ, ಲಕ್ಷಕ್ಕೆ 300. ಸಿಗುವ ನಿಜ 150, ಸುಳ್ಳು ಮಾತ್ರ ಅದೇ 500. ಪರೀಕ್ಷೆ ಬದಲಾಗಲಿಲ್ಲ, ಯಂತ್ರ ಬದಲಾಗಲಿಲ್ಲ, ಆದರೆ ಪಾಸಿಟಿವ್ ಬಂದ ನಾಲ್ಕು ಜನರಲ್ಲಿ ಮೂವರಿಗೆ ಕ್ಯಾನ್ಸರ್ ಇಲ್ಲ. ಭಾರತದಲ್ಲಿ ಕ್ಯಾನ್ಸರ್ ಪ್ರಮಾಣ ಅಮೆರಿಕಕ್ಕಿಂತ ಸಾಕಷ್ಟು ಕಡಿಮೆ. ಅಲ್ಲಿ ಬಂದ ಶೇಕಡಾವಾರು ಇಲ್ಲಿಗೆ ಹಾಗೇ ಎತ್ತಿ ತರಲು ಬರುವುದಿಲ್ಲ.

ಒಬ್ಬರು ಹೀಗೇ ಫೈಲ್ ಹಿಡಿದು ನನ್ನ ಹತ್ತಿರ ಬಂದಿದ್ದರು. ಯಾವ ಲ್ಯಾಬ್ ಅಂತ ಬೇಡ. ಪಾಸಿಟಿವ್, ಮೂಲ ಹೊಟ್ಟೆಯ ಮೇಲ್ಭಾಗ ಅಂತ ಬರೆದಿತ್ತು. ಎಂಡೋಸ್ಕೋಪಿ ಆಯಿತು, ಸಿಟಿ ಆಯಿತು, ಪೆಟ್ ಸ್ಕ್ಯಾನ್ ಆಯಿತು. ಏನೂ ಇಲ್ಲ. ಅದಕ್ಕೆ ಖುಷಿಪಡಬೇಕಲ್ಲ? ಅವರು ಪಡಲಿಲ್ಲ. ‘ಇಲ್ಲ ಅಂತ ಅಲ್ಲ ಸಾರ್, ಇನ್ನೂ ಸಿಕ್ಕಿಲ್ಲ ಅಷ್ಟೇ’ ಅಂದರು. ಊಟ ಸೇರುತ್ತಿರಲಿಲ್ಲ, ತೂಕ ಇಳಿದಿತ್ತು, ತೂಕ ಇಳಿದದ್ದೇ ಕ್ಯಾನ್ಸರಿಗೆ ಸಾಕ್ಷಿ ಅಂತ ಇನ್ನೂ ಹೆದರಿದ್ದರು. ಮಾಡಿಸುವ ಮುಂಚೆ ಪಾಸಿಟಿವ್ ಬಂದರೆ ಯಾವ ಡಾಕ್ಟರು, ಯಾವ ಸ್ಕ್ಯಾನು, ಎಲ್ಲಿಗೆ ನಿಲ್ಲಿಸಬೇಕು ಅಂತ ಯಾರೂ ಅವರ ಜೊತೆ ಮಾತಾಡಿರಲಿಲ್ಲ.

ನಿಮ್ಮ ಅಮ್ಮನ ವಿಷಯಕ್ಕೆ ಬರುತ್ತೇನೆ. ಈ ಪರೀಕ್ಷೆ ಇದ್ದಿದ್ದರೆ ಅಮ್ಮ ಉಳಿಯುತ್ತಿದ್ದರಾ ಅಂತ ನಿಮ್ಮ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಬ್ರಿಟನ್ನಿನಲ್ಲಿ ಸುಮಾರು ಎರಡು ಲಕ್ಷ ಹೆಂಗಸರ ಮೇಲೆ ಅಂಡಾಶಯದ ಕ್ಯಾನ್ಸರಿನ ದೊಡ್ಡ ಅಧ್ಯಯನ ನಡೆಯಿತು. ಅದು ಮಿಥೈಲೇಷನ್ ಅಲ್ಲ, ಸಿಎ-125 ಎಂಬ ಹಳೆಯ ರಕ್ತ ಪರೀಕ್ಷೆ, ಜೊತೆಗೆ ಸ್ಕ್ಯಾನಿಂಗ್. ವರ್ಷವರ್ಷವೂ ಮಾಡಿದರು. 2021ರಲ್ಲಿ ಕೊನೆಯ ಲೆಕ್ಕ ಬಂತು. ಸಿಎ-125 ಪರೀಕ್ಷೆ ಮಾಡಿದ ಗುಂಪಿನಲ್ಲಿ ಹೆಚ್ಚು ಕ್ಯಾನ್ಸರ್ ಶುರುವಿನ ಸ್ಟೇಜಿನಲ್ಲೇ ಸಿಕ್ಕಿತ್ತು. ಎಲ್ಲರೂ ಗೆದ್ದೆವು ಅಂದುಕೊಳ್ಳುವ ಹಾಗಿತ್ತು. ಆದರೆ ಸತ್ತವರ ಸಂಖ್ಯೆ ಕಡಿಮೆಯಾಗಲಿಲ್ಲ. ಈ ಕ್ಷೇತ್ರದವರಿಗೆಲ್ಲ ಅದು ದೊಡ್ಡ ಪೆಟ್ಟು. ಬೇಗ ಸಿಕ್ಕಿತು ಅನ್ನುವುದು ಬೇರೆ, ಬದುಕಿದರು ಅನ್ನುವುದು ಬೇರೆ. ಕೆಲವು ಕ್ಯಾನ್ಸರ್ ಬೇಗ ಸಿಕ್ಕರೂ ಸ್ವಭಾವದಲ್ಲೇ ಉಗ್ರ. ಇನ್ನು ಕೆಲವು, ಸಿಗದೇ ಇದ್ದಿದ್ದರೂ ಏನೂ ಆಗುತ್ತಿರಲಿಲ್ಲ ಅನ್ನುವಂಥವು. ದಕ್ಷಿಣ ಕೊರಿಯಾದಲ್ಲಿ ಥೈರಾಯ್ಡ್ ಸ್ಕ್ಯಾನಿಂಗ್ ಹುಚ್ಚು ಹತ್ತಿ 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪ್ರಮಾಣ 1993ರ 15 ಪಟ್ಟಾಯಿತು. ಸಾವು ಮಾತ್ರ ಇದ್ದಲ್ಲೇ ಇತ್ತು. ಸಾವಿರಾರು ಜನ ಸುಮ್ನೆ ಗ್ರಂಥಿ ತೆಗೆಸಿಕೊಂಡು ಜೀವನಪೂರ್ತಿ ಮಾತ್ರೆ ನುಂಗುವಂತಾಯಿತು.

ಹಾಗಂತ ಮಿಥೈಲೇಷನ್ ಪರೀಕ್ಷೆಗಳೆಲ್ಲ ಟೊಳ್ಳು ಅನ್ನುತ್ತಿಲ್ಲ. ಒಂದೇ ಅಂಗದ ಮೇಲೆ ಗುರಿ ಇಟ್ಟವು ಆಗಲೇ ಕೆಲಸಕ್ಕೆ ಬಂದಿವೆ. ದೊಡ್ಡ ಕರುಳಿನ ಕ್ಯಾನ್ಸರಿಗೆ ಸೆಪ್ಟಿನ್-9 ಎಂಬ ಒಂದೇ ಜೀನಿನ ಮಿಥೈಲ್ ನೋಡುವ ರಕ್ತ ಪರೀಕ್ಷೆಗೆ ಅಮೆರಿಕದ ಎಫ್‌ಡಿಎ 2016ರಲ್ಲೇ ಒಪ್ಪಿಗೆ ಕೊಟ್ಟಿತು. 2024ರಲ್ಲಿ ಶೀಲ್ಡ್ ಎಂಬುದಕ್ಕೆ ಕೊಟ್ಟಿತು, ಅದು ಕರುಳಿನ ಕ್ಯಾನ್ಸರನ್ನು 83% ಹಿಡಿಯುತ್ತದೆ. ಚೆನ್ನಾಗೇ ಇದೆ. ಆದರೆ ಕ್ಯಾನ್ಸರ್ ಆಗುವ ಮುಂಚಿನ ದೊಡ್ಡ ಪಾಲಿಪ್‌ಗಳನ್ನು, ಅಂದರೆ ಕರುಳಿನ ಒಳಗೋಡೆಯ ಗಂಟುಗಳನ್ನು, 13% ಮಾತ್ರ. ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಕೊಲೊನೋಸ್ಕೋಪಿಯಲ್ಲಿ ಆ ಪಾಲಿಪ್ಪನ್ನು ಕಂಡ ಕೂಡಲೇ ಕಿತ್ತು ಬಿಸಾಕಬಹುದು, ಅದು ಕ್ಯಾನ್ಸರ್ ಆಗುವುದೇ ಇಲ್ಲ. ಚೀನಾದ ತೈಝೌ ಎಂಬಲ್ಲಿ ಆರೋಗ್ಯವಂತರ ರಕ್ತವನ್ನು ಸಂಗ್ರಹಿಸಿಟ್ಟು ಆಮೇಲೆ ಯಾರಿಗೆ ಕ್ಯಾನ್ಸರ್ ಬಂತು ನೋಡಿ ಹಿಂದಿನ ಟ್ಯೂಬುಗಳನ್ನು ತೆಗೆದು ಪರೀಕ್ಷಿಸಿದರು. ಸಾಮಾನ್ಯ ರೀತಿಯಲ್ಲಿ ಪತ್ತೆಯಾಗುವುದಕ್ಕೆ ನಾಲ್ಕು ವರ್ಷ ಮುಂಚಿನವರೆಗಿನ ರಕ್ತದಲ್ಲೂ ಮಿಥೈಲ್ ಸುಳಿವು ಸಿಕ್ಕಿತ್ತು. 2020ರಲ್ಲಿ ಅದು ಪ್ರಕಟವಾದಾಗ ನಾನೂ ಕುಣಿದಿದ್ದೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ 2021ರಲ್ಲಿ 1.4 ಲಕ್ಷ ಜನರನ್ನು ಸೇರಿಸಿಕೊಂಡು ಗ್ಯಾಲರಿ ಅಧ್ಯಯನ ಶುರುಮಾಡಿದಾಗ ಎಷ್ಟು ಕ್ಯಾನ್ಸರ್ ಸಿಕ್ಕವು ಅಂತ ಎಣಿಸಿ ಸುಮ್ಮನಾಗಲಿಲ್ಲ, ತಡವಾದ ಸ್ಟೇಜಿನ ಕ್ಯಾನ್ಸರ್ ಕಡಿಮೆಯಾಗುತ್ತವಾ ಅನ್ನುವುದನ್ನೇ ಮುಖ್ಯ ಪ್ರಶ್ನೆ ಮಾಡಿಕೊಂಡಿತು. ಕೇಳಬೇಕಾದ್ದು ಅದನ್ನೇ.

ಬೆಂಗಳೂರಿನ ಮಾತು ಎತ್ತಿದ್ದೀರಿ. ಹೌದು, ಸ್ಟ್ರಾಂಡ್ ಲೈಫ್ ಸೈನ್ಸಸ್ 2024ರ ಡಿಸೆಂಬರಿನಲ್ಲಿ ಕ್ಯಾನ್ಸರ್‌ಸ್ಪಾಟ್ ಎಂಬ ಮಿಥೈಲೇಷನ್ ಪರೀಕ್ಷೆ ಬಿಡುಗಡೆ ಮಾಡಿತು. 2000ನೇ ಇಸವಿಯಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಐಐಎಸ್‌ಸಿಯ ಅಧ್ಯಾಪಕರು ಸೇರಿ ಕಟ್ಟಿದ ಕಂಪನಿ ಅದು, ಈಗ ರಿಲಯನ್ಸ್ ಕೈಯಲ್ಲಿದೆ. ನಮ್ಮವರ ಡಿಎನ್‌ಎ ಮಾದರಿಗಳ ಮೇಲೆ ಇಲ್ಲೇ ಕೆಲಸ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೂ ಇಲ್ಲಿ ಯಾವುದೇ ಕಂಪನಿಯ ಪರೀಕ್ಷೆ ಮಾಡಿಸುವ ಮುಂಚೆ ಒಂದು ಪ್ರಶ್ನೆ ಕೇಳಿ: ರೋಗಲಕ್ಷಣ ಇಲ್ಲದ ಎಷ್ಟು ಭಾರತೀಯರಲ್ಲಿ ನೋಡಿದ್ದೀರಿ, ಮೊದಲನೇ ಸ್ಟೇಜಿನದ್ದು ನೂರಕ್ಕೆ ಎಷ್ಟು ಸಿಕ್ಕಿತು? ಸ್ಟೇಜ್ ಬಿಟ್ಟು ಒಟ್ಟು ಶೇಕಡಾ ಮಾತ್ರ ಹೇಳಿದರೆ ಬ್ಯಾಗ್ ಎತ್ತಿಕೊಂಡು ಹೊರಡಿ.

ಈಗ ಯಜಮಾನರು. ಗುಟ್ಕಾ ಕರ್ನಾಟಕದಲ್ಲಿ 2013ರಿಂದ ನಿಷೇಧ, ಅದಕ್ಕೇ ಈಗ ಎರಡು ಪೊಟ್ಟಣವಾಗಿ ಬರುತ್ತದೆ, ಅಂಗಡಿಯವನೇ ಬೆರೆಸಿಕೊಳ್ಳಿ ಅನ್ನುತ್ತಾನೆ. ಇರಲಿ. ಅವರಿಗೆ ಬೇಕಾಗಿರುವುದು ಲಕ್ಷ ಪ್ರದೇಶದ ಮಿಥೈಲ್ ನಕ್ಷೆ ಅಲ್ಲ, ಒಂದು ಟಾರ್ಚು ಮತ್ತು ಬಾಯಿ ನೋಡಲು ಗೊತ್ತಿರುವ ಒಬ್ಬರು. ಬಾಯಿ ಕ್ಯಾನ್ಸರಿಗೆ ಮುಂಚೆ ಎಷ್ಟೋ ಸಲ ಬಿಳಿ ಮಚ್ಚೆ, ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದ ಬಿಗಿತ ಬರುತ್ತದೆ. ಕಣ್ಣಿಗೆ ಕಾಣುವಂಥದ್ದು. ತಿರುವನಂತಪುರದಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದ ದೊಡ್ಡ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ತಂಬಾಕು, ಹೆಂಡ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಭಾಗ ಇಳಿಯಿತು. ಸಾವು ಇಳಿಯಿತು, ನೋಡಿ! ಸಾವಿರಾರು ರೂಪಾಯಿಯ ಟ್ಯೂಬ್ ಇನ್ನೂ ತೋರಿಸಬೇಕಾಗಿರುವುದನ್ನು ಒಂದು ಟಾರ್ಚು ತೋರಿಸಿಯಾಗಿದೆ. ಹುಬ್ಬಳ್ಳಿಯಲ್ಲಿ ದಂತವೈದ್ಯರಿಗೇನೂ ಬರವಿಲ್ಲ, ಈ ವಾರವೇ ಕರೆದುಕೊಂಡು ಹೋಗಿ.

ನಿಮಗೆ ಮ್ಯಾಮೋಗ್ರಾಂ, ಜೊತೆಗೆ ಗರ್ಭಕಂಠಕ್ಕೆ ಎಚ್‌ಪಿವಿ ಪರೀಕ್ಷೆ, ಅಂದರೆ ಅಲ್ಲಿ ಕ್ಯಾನ್ಸರ್ ತರುವ ವೈರಸ್ ಇದೆಯಾ ಅಂತ ನೋಡುವುದು. ಎರಡನೆಯದನ್ನು ಬಹಳ ಜನ ಕೇಳಿಯೇ ಇಲ್ಲ. ಬೀದರ್, ಕಲಬುರಗಿ ಗಡಿಗೆ ಅಂಟಿಕೊಂಡ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ ಸುಮಾರು 1.3 ಲಕ್ಷ ಹೆಂಗಸರ ಮೇಲೆ ನಡೆದ ಅಧ್ಯಯನ 2009ರಲ್ಲಿ ಬಂತು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನ ಸಾವು ಹತ್ತಿರಹತ್ತಿರ ಅರ್ಧಕ್ಕೆ ಇಳಿಯಿತು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 30ರಿಂದ 49 ವಯಸ್ಸಿನ ನಮ್ಮ ಹೆಂಗಸರಲ್ಲಿ ಗರ್ಭಕಂಠದ ತಪಾಸಣೆ ಒಮ್ಮೆಯಾದರೂ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ, 1.9%. ಇದನ್ನು ಬರೆಯುವಾಗ ಪ್ರತಿ ಸಲವೂ ನನಗೆ ಸಿಟ್ಟು ಬರುತ್ತದೆ.

ಇನ್ನು ನೀವು ಕೇಳದ ಪ್ರಶ್ನೆ. ಅಮ್ಮನಿಗೆ ಅಂಡಾಶಯದ ಕ್ಯಾನ್ಸರ್ ಇತ್ತು ಅಂದ ಮೇಲೆ, ಮೊದಲು ನೋಡಬೇಕಾದ್ದು ಅದು ವಂಶವಾಹಿಯಲ್ಲಿ ಬಂದದ್ದಾ ಅಂತ. ಬ್ರಾಕಾ-1, ಬ್ರಾಕಾ-2 ಎಂಬ ಎರಡು ಜೀನ್‌ಗಳಿವೆ. ಇವುಗಳಲ್ಲಿ ಹುಟ್ಟಿನಿಂದಲೇ ದೋಷ ಇದ್ದರೆ ಅಂಡಾಶಯ ಮತ್ತು ಸ್ತನದ ಕ್ಯಾನ್ಸರಿನ ಅಪಾಯ ಬಹಳ ಹೆಚ್ಚು. ಸಾಮಾನ್ಯ ಹೆಂಗಸಿಗೆ ಜೀವಮಾನದಲ್ಲಿ ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆ 1% ಆಸುಪಾಸು. ಬ್ರಾಕಾ-1 ದೋಷ ಇದ್ದರೆ 80 ವಯಸ್ಸಿನೊಳಗೆ 44% ಅಂತ ದೊಡ್ಡ ಅಧ್ಯಯನವೊಂದು ಹೇಳಿದೆ, ಬ್ರಾಕಾ-2ಕ್ಕೆ 17%. ತಾಯಿಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ, ಗಂಡಾಗಲಿ ಹೆಣ್ಣಾಗಲಿ. ಅದೂ ರಕ್ತ ಪರೀಕ್ಷೆಯೇ, ಆದರೆ ಹುಡುಕುವುದು ಬೇರೆಯದನ್ನು. ತೇಲುವ ಚೂರೂ ಅಲ್ಲ, ಮಿಥೈಲೂ ಅಲ್ಲ, ನೀವು ಹುಟ್ಟುವಾಗ ತಂದ ಪುಸ್ತಕದಲ್ಲೇ ಅಕ್ಷರ ತಪ್ಪಿದೆಯಾ ಅಂತ. ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. ಗ್ಯಾಲರಿ ನೆಗೆಟಿವ್ ಬಂದರೂ ಈ ದೋಷ ಇದೆಯೋ ಇಲ್ಲವೋ ಅದರಿಂದ ಗೊತ್ತಾಗುವುದಿಲ್ಲ. ಇದು ನಿಮ್ಮ ತಮ್ಮನಿಗೂ ಅನ್ವಯ. ಬ್ರಾಕಾ-2 ದೋಷ ಇರುವ ಗಂಡಸರಿಗೆ ಪ್ರಾಸ್ಟೇಟ್, ಪ್ಯಾಂಕ್ರಿಯಾಸ್, ಸ್ತನದ ಕ್ಯಾನ್ಸರಿನ ಅಪಾಯ ಕೂಡ ಹೆಚ್ಚು, ಅವನ ಮಕ್ಕಳಿಗೂ ದಾಟಬಹುದು.

ದೋಷ ಇದೆ ಅಂತಾದರೆ ಮಾಡಬಹುದಾದ ಕೆಲಸ ಖಚಿತವಾಗಿದೆ. ಮಕ್ಕಳು ಆದ ಮೇಲೆ ಅಂಡಾಶಯ, ಅಂಡನಾಳ ತೆಗೆಸುವುದು. ಬ್ರಾಕಾ-1 ಇದ್ದವರಿಗೆ 35ರಿಂದ 40ರೊಳಗೆ, ಬ್ರಾಕಾ-2 ಇದ್ದವರಿಗೆ 40ರಿಂದ 45ರೊಳಗೆ ಅನ್ನುತ್ತಾರೆ. ನಿಮಗೆ 47 ಅಂದರೆ ಆ ವಯಸ್ಸು ಆಗಲೇ ದಾಟಿದೆ. ಅದಕ್ಕೇ ಇದನ್ನು ಮುಂದೂಡಬೇಡಿ, ಆದರೆ ಗಾಬರಿಯೂ ಬೇಡ. ಅಂಡಾಶಯದ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರಿಗೆ ಬ್ರಾಕಾ ದೋಷ ಇರುವುದಿಲ್ಲ, ಇರುವುದು ಏಳರಲ್ಲಿ ಒಬ್ಬರಿಗೆ ಅನ್ನುವಷ್ಟು. ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಜೆನೆಟಿಕ್ ಕೌನ್ಸೆಲಿಂಗ್ ಅಂತ ಇರುತ್ತದೆ, ಅಲ್ಲಿ ಕೂತು ಮಾತಾಡಿ ಆಮೇಲೆ ರಕ್ತ ಕೊಡಿ.

ಹೋಗುವ ಮುಂಚೆ ಅಮ್ಮನ ಹಳೆಯ ಫೈಲ್ ಹುಡುಕಿ. ಟ್ರಂಕಿನಲ್ಲೋ ಬೀರುವಿನ ಮೇಲೋ ಇದ್ದೇ ಇರುತ್ತದೆ, ಯಾರೂ ಎಸೆದಿರುವುದಿಲ್ಲ. ಬಯಾಪ್ಸಿ ರಿಪೋರ್ಟಿನಲ್ಲಿ ‘ಹೈ ಗ್ರೇಡ್ ಸೀರಸ್’ ಅಂತ ಇದೆಯಾ ನೋಡಿ, ಬ್ರಾಕಾ ದೋಷ ಹೆಚ್ಚಾಗಿ ಆ ಬಗೆಯಲ್ಲೇ ಕಾಣಿಸುವುದು. ಆಸ್ಪತ್ರೆಯವರು ಮೇಣದಲ್ಲಿ ಇಟ್ಟ ಗಡ್ಡೆಯ ತುಂಡನ್ನು ಇನ್ನೂ ಉಳಿಸಿಕೊಂಡಿದ್ದರೆ ಅದರಲ್ಲೂ ಪರೀಕ್ಷೆ ಮಾಡಲು ಬರುತ್ತದೆ, ಅದಕ್ಕೆ ರಿಪೋರ್ಟಿನ ಮೇಲಿರುವ ನಂಬರ್ ಬೇಕು. ಆ ಪುಟದ ಒಂದು ಫೋಟೋ ತೆಗೆದು ತಮ್ಮನಿಗೂ ವಾಟ್ಸಾಪ್ ಮಾಡಿ.